ಮಿಷನ್ನಿಗೆ ಮಡಿಲಕ್ಕಿ

ಗೆಜ್ಜಲಗೆರೆಯ ಗಾರ್ಮೆಂಟ್ಸ್ ಫ್ಯಾಕ್ಟರಿಯೊಂದರಲ್ಲಿ ನಾನು ಹೊಲಿಗೆ ಮಿಷನ್ ಮೆಕ್ಯಾನಿಕ್ಕು. ಕೆಟ್ಟದ್ದನ್ನು ರಿಪೇರಿ ಮಾಡುವುದಷ್ಟೇ ನನ್ನ ಕೆಲಸ. ಮನುಷ್ಯರು ಏಕೆ ದುಡಿಯುತ್ತಾರೆ ಎಂಬ ಉಸಾಬರಿ ನನಗೆ ಬೇಡ. ಅದು ಹೊಸ ಮ್ಯಾನೇಜರಿಗೆ ಬೇಕಿತ್ತು. ಅದೆಲ್ಲೋ ಟ್ರೇನಿಂಗ್ ಮುಗಿಸಿ ಬಂದವರೇ ಎಲ್ಲರನ್ನೂ ನಿಲ್ಲಿಸಿ ಭಾಷಣ ಬಿಗಿದರು: "ಬರೀ ಸಂಬಳಕ್ಕೆ ದುಡಿದರೆ ಕೆಲಸದಲ್ಲಿ ಮನಸ್ಸಿರಲ್ಲ. ನನ್ನದು ಅನ್ನೋ ಭಾವನೆ ಬರಬೇಕು. ಇವತ್ತಿಂದ ನಿಮ್ಮ ನಿಮ್ಮ ಮಿಷನ್ ನಿಮ್ಮದೇ!" ನಮ್ಮ ಕಡೆಯ ಜನ ಇಂಥ ಮಾತನ್ನು ನಂಬಿಬಿಡುತ್ತಾರೆ ಎಂಬುದು ಆ ಪುಣ್ಯಾತ್ಮರಿಗೆ ತಿಳಿದಿರಲಿಲ್ಲ.

ಕಾಲರ್ ಹೊಲಿಯುವ ಕೆರಗೋಡಿನ ಅಕ್ಕ ಮರುದಿನವೇ ತಮ್ಮ ಮಿಷನ್ನಿಗೆ ಅರಿಶಿನ ಕುಂಕುಮ ಹಚ್ಚಿ ನಿಂಬೆಹಣ್ಣು ಕಟ್ಟಿದರು. ಊಟಕ್ಕೆ ಏಳುವಾಗ ಅದಕ್ಕೆ ಟವೆಲ್ ಹೊದಿಸುತ್ತಿದ್ದರು. ನಾನು ಸರ್ವೀಸಿಗೆಂದು ಸ್ಕ್ರೂಡ್ರೈವರ್ ಹಿಡಿದು ಹೋದರೆ, "ಇವತ್ತು ಸುಕ್ರವಾರ ಕಣಣ್ಣ, ಬಿಚ್ಚಬ್ಯಾಡ. ನಾಳೀಕ್ ಬಾ" ಎಂದು ಅಟ್ಟಿದರು. ನನಗೆ ಮೈಯೆಲ್ಲ ಉರಿಯಿತು. ಆದರೆ ಕಾಲರುಗಳು ರಾಶಿ ರಾಶಿ ಬೀಳುತ್ತಿದ್ದವು. ಮ್ಯಾನೇಜರ್ ಹಿಗ್ಗಿ ಹೀರೇಕಾಯಿಯಾಗಿ, ಆ ಮಿಷನ್ನಿನ ಫೋಟೋ ತೆಗೆದು ಮೇಲಿನವರಿಗೆ ಕಳಿಸಿದರು.

ಮೇಲಿನವರು ನೋಡಿದರು, ಮೆಚ್ಚಿದರು. ಇಷ್ಟು ಚೆನ್ನಾಗಿ ಓಡುವ ಮಿಷನ್ನನ್ನು ತಮಿಳುನಾಡಿನ ಫ್ಯಾಕ್ಟರಿಗೆ ಕಳಿಸಿ ಅಂದರು!

"ನನ್ ಮಿಷನ್ನ ನನ್ನೇ ಕೇಳ್ದೆ ಎಂಗ್ ಕಳಿಸೀರಿ ಸಾ?" ಅಕ್ಕ ಅದರ ಮೇಲೆ ತಲೆಯಿಟ್ಟು ಅತ್ತರು.

"ನಿಮ್ಮದು ಅಂದಿದ್ದು ಭಾವನೇಲಿ, ಅಮ್ಮಾ," ಮ್ಯಾನೇಜರ್ ಬೆವರೊರೆಸಿಕೊಂಡರು.

ಮ್ಯಾನೇಜರ್ ಎಷ್ಟು ಗೋಗರೆದರೂ ಮೇಲಿನವರು ಬಗ್ಗಲಿಲ್ಲ. ಲಾರಿ ಬಂದ ದಿನ ಅಕ್ಕ, ಗಂಡನ ಮನೆಗೆ ಹೊರಟ ಮಗಳಿಗೆ ಕಟ್ಟುವಂತೆ ಮಡಿಲಕ್ಕಿ ತಂದಿದ್ದರು. ಅಕ್ಕಿ, ಬೆಲ್ಲ, ಎಲೆಅಡಿಕೆ, ರವಿಕೆ ಕಣ, ಎಲ್ಲವನ್ನೂ ಮಿಷನ್ನಿನ ಮೇಲಿಟ್ಟು ಗಂಟು ಹಾಕಿದರು. ತೆಂಗಿನಕಾಯಿ ಹಿಡಿದು ನಿಲ್ಲುವ ಪಾಳಿ ಮ್ಯಾನೇಜರಿಗೆ ಬಂತು. "ಗುಂಡೀಲಿ ಎತ್ತಾಕ್ಬ್ಯಾಡ ಕಣಪ್ಪ, ಮೆಲ್ಲುಕ್ ಓಗು" ಎಂದು ಅಕ್ಕ ಡ್ರೈವರಿಗೆ ಹೇಳುವಾಗ ಇಡೀ ಲೈನಿನ ಹೆಂಗಸರು ಸೆರಗಿನಲ್ಲಿ ಮೂಗೊರೆಸಿಕೊಂಡರು. ಕೊನೆಯದಾಗಿ ಎಣ್ಣೆ ಬಿಟ್ಟ ನಾನೂ ಲಾರಿ ಮರೆಯಾಗುವವರೆಗೆ ಗೇಟಿನಲ್ಲೇ ನಿಂತೆ. ಥೂ, ಒಂದು ಕಬ್ಬಿಣದ ತುಂಡಿಗೆ!

ಮರುದಿನ ಅದಕ್ಕಿಂತ ಒಳ್ಳೆಯ ಹೊಸ ಮಿಷನ್ ಬಂತು. ಮ್ಯಾನೇಜರ್ ತಾವೇ ಕುಂಕುಮ, ನಿಂಬೆಹಣ್ಣು ತಂದು, "ಅಮ್ಮಾ, ಇದೂ ನಿಮ್ಮದೇ" ಅಂದರು.

"ಬ್ಯಾಡಿ ಸಾ. ಇದು ಕಂಪ್ನೀದೇ ಆಗಿರ್ಲಿ ಬುಡಿ." ಅಕ್ಕ ಕುಂಕುಮ ಮುಟ್ಟದೆ ದಾರ ಪೋಣಿಸಿದರು.

ಮುಂದಿನ ಶುಕ್ರವಾರ ಅದು ಕೆಟ್ಟಿತು. ನಾನು ಸ್ಕ್ರೂಡ್ರೈವರ್ ಹಿಡಿದು ಹಿಂದೆಮುಂದೆ ನೋಡುತ್ತ ನಿಂತೆ. ಅಕ್ಕ ಎದ್ದು ಜಾಗ ಬಿಟ್ಟರು.

"ಬಿಚ್ಚಣ್ಣ. ನಂಗೇನಾಗ್ಬೇಕು?"