ಕೆಂಪಾದ ಇಂಜಿನ್ನಿಗೆ ಒಂದು ಬಕೆಟ್ ನೀರು

ಡೀಸೆಲ್ ಇಂಜಿನ್ನೆಂದರೆ ನನಗೆ ಪ್ರಾಣ ಎಂದರೆ ಜನ ನಗುತ್ತಾರೆ. ನಗಲಿ. ಪೆಟ್ರೋಲ್ ಇಂಜಿನ್ನಿಗೆ ಹೊತ್ತಿಕೊಳ್ಳಲು ಕಿಡಿ ಬೇಕು. ಡೀಸೆಲ್ ಇಂಜಿನ್ ಗಾಳಿಯನ್ನು ಹಿಂಡಿ ಹಿಂಡಿ, ಆ ಬಿಸಿಗೇ ಎಣ್ಣೆ ಭಗ್ಗೆಂದು ಹೊತ್ತುವಂತೆ ಮಾಡುತ್ತದೆ. ಸಿಟ್ಟಿನಲ್ಲಿ ನಾನೂ ಹಾಗೆಯೇ, ಅದಕ್ಕೇ ನಮ್ಮಿಬ್ಬರಿಗೆ ಸರಿಹೊಂದಿರಬೇಕು.

ಎರಡು ಸಾವಿರದ ದಶಕ ಮುಗಿಯುತ್ತಿದ್ದ ಆ ವರ್ಷಗಳಲ್ಲಿ ನಾನು ಮಹಾಪೆಯ ಒಂದು ವರ್ಕ್‌ಶಾಪಿನಲ್ಲಿ ಲಾರಿಗಳ ಡೀಸೆಲ್ ಪಂಪ್ ರಿಪೇರಿ ಮಾಡುತ್ತಿದ್ದೆ. ಇರುತ್ತಿದ್ದದ್ದು ಡೊಂಬಿವಲಿಯಲ್ಲಿ, ಅಮ್ಮನ ಅಣ್ಣನ ಮನೆಯಲ್ಲಿ. ಮಾವ ಕಾರ್ಕಳದ ಕಡೆಯಿಂದ ಬಂದು, ಹೋಟೆಲಿನಲ್ಲಿ ಲೋಟ ತೊಳೆದು, ಹೇಗೋ ಮಾಡಿ ಒಂದು ಪಿಕಪ್ ಕೊಂಡವರು. ದಿನಾ ಬೆಳಿಗ್ಗೆ ವಾಶಿ ಮಾರ್ಕೆಟಿನಿಂದ ಡೊಂಬಿವಲಿ, ಕಲ್ಯಾಣದ ಹೋಟೆಲುಗಳಿಗೆ ತರಕಾರಿ ಹಾಕುತ್ತಿದ್ದರು. ಮನೆಯ ಅಕ್ಕಿ, ಮಕ್ಕಳ ಫೀಸು, ಅತ್ತೆಯ ಬಿ.ಪಿ. ಮಾತ್ರೆ ಎಲ್ಲ ಬರುತ್ತಿದ್ದದ್ದು ಆ ಒಂದು ಪಿಕಪ್ಪಿನಿಂದ. ಊರಲ್ಲಿದ್ದಾಗ ಮಾವ ಕಂಬಳದ ಕೋಣ ಸಾಕುವ ಮನೆಯಲ್ಲಿ ಕೆಲಸಕ್ಕಿದ್ದರು. ಒಂದೆರಡು ಸಲ ಕೋಣ ಓಡಿಸಿದ್ದೂ ಉಂಟು. ಗೆದ್ದದ್ದು ಮಾತ್ರ ಇಲ್ಲ.

ಕಲ್ಯಾಣದಾಚೆ ಇಟ್ಟಿಗೆ ಭಟ್ಟಿಯ ಬಯಲಿನಲ್ಲಿ ಪಿಕಪ್ಪುಗಳ ಎಳೆಯುವ ಪಂದ್ಯ ನಡೆಯುತ್ತದೆಂಬ ಸುದ್ದಿ ತಂದವಳು ನಾನೇ. ಗ್ಯಾರೇಜಿನವರು, ಟ್ರಾನ್ಸ್‌ಪೋರ್ಟಿನವರು ಸೇರಿ ಮಾಡುವ ಪಂದ್ಯ. ಗಾಡಿಯ ಹಿಂದೆ ಸರಪಳಿಯಲ್ಲಿ ದಪ್ಪ ಕಬ್ಬಿಣದ ತಗಡು ಕಟ್ಟುತ್ತಾರೆ, ಅದರ ಮೇಲೆ ಕಲ್ಲುಚಪ್ಪಡಿ. ದಾರಿಯುದ್ದಕ್ಕೂ ಗಂಡಸರು ನಿಂತಿರುತ್ತಾರೆ. ಗಾಡಿ ಎಳೆದುಕೊಂಡು ಹೋಗುತ್ತಿದ್ದಂತೆ ಒಬ್ಬೊಬ್ಬರಾಗಿ ತಗಡಿನ ಮೇಲೆ ಹತ್ತುತ್ತಾರೆ. ಹೊರೆ ಏರುತ್ತ ಹೋಗುತ್ತದೆ, ಗಾಡಿ ಎಲ್ಲಿ ನಿಂತಿತೋ ಅಲ್ಲಿಗೆ ಅಳತೆ. ಇಂಜಿನ್ನಿಗೆ ಏನು ಮಾಡಿದರೂ ಕೇಳುವವರಿಲ್ಲ.

ಮಾವ ಬಾಯಿಗಿಟ್ಟ ಚಹಾ ಕೆಳಗಿಟ್ಟರು. "ಇದು ನಮ್ಮ ಕಂಬಳದ ಹಲಗೆ ಓಟವೇ ಅಲ್ವಾ ಮಾರಾಯ್ತಿ! ಕೋಣನ ಬದ್ಲು ಗಾಡಿ, ಅಷ್ಟೇ."

ಅತ್ತೆ ಒಳಗಿನಿಂದಲೇ ಕೇಳಿಸಿಕೊಂಡಿದ್ದರು. "ಭಾನುವಾರ ಎಂಥ ಬೇಕಾದ್ರೂ ಕುಣೀರಿ. ಸೋಮವಾರ ಬೆಳಿಗ್ಗೆ ಗಾಡಿ ವಾಶಿಯಲ್ಲಿ ನಿಂತಿರ್ಬೇಕು. ಇಲ್ದಿದ್ರೆ ನೀವಿಬ್ರೂ ಈ ಮನೆಗೆ ಬರುವುದೇ ಬೇಡ."

ಹಾಗೆ ಶುರುವಾಯಿತು. ಮಾರ್ಕೆಟಿಗೆ ರಜೆಯಿರುವ ಭಾನುವಾರ ಮಾತ್ರ ಗಾಡಿ ನನ್ನ ಕೈಗೆ. ಬೆಳಿಗ್ಗೆ ಬಿಚ್ಚಿದ್ದನ್ನು ಸಂಜೆಯೊಳಗೆ ಮುಚ್ಚಲೇಬೇಕು. ಒಂದು ವಾರ ಪಂಪ್ ಇಳಿಸಿ ಎಣ್ಣೆಯ ಹರಿವು ಹೆಚ್ಚಿಸಿದೆ. ಇನ್ನೊಂದು ವಾರ ದೊಡ್ಡ ತೂತಿನ ನಾಝಲ್ ಹಾಕಿದೆ. ಎಣ್ಣೆ ಹೆಚ್ಚಾದ ಮೇಲೆ ಗಾಳಿಯೂ ಹೆಚ್ಚು ಬೇಕಲ್ಲ, ಗುಜರಿಗೆ ಬಂದ ಲಾರಿಯಿಂದ ಒಂದು ಟರ್ಬೊ ತಂದೆ. ನಮ್ಮ ಗಾಡಿಯ ಟರ್ಬೊ ಅದರ ಪಕ್ಕ ನಿಂಬೆಹಣ್ಣಿನಂತೆ ಕಾಣುತ್ತಿತ್ತು. ಇಷ್ಟು ಒತ್ತಡಕ್ಕೆ ಇಂಜಿನ್ನಿನ ತಲೆ ಎದ್ದು ಹಾರಬಾರದೆಂದು ಒಳ್ಳೆಯ ಉಕ್ಕಿನ ಬೋಲ್ಟ್ ಕಡೆಸಿದೆ, ತಾಮ್ರದ ಗ್ಯಾಸ್ಕೆಟ್ ಕತ್ತರಿಸಿದೆ. ಹೊಗೆ ಎಷ್ಟು ಬಿಸಿಯಾಗಿದೆ ಎಂದು ತೋರಿಸುವ ಮೀಟರನ್ನು ಡ್ರೈವರಿನ ಕಣ್ಣೆದುರೇ ಕೂರಿಸಿದೆ. ಅದರ ಮುಳ್ಳು ಕೆಂಪು ದಾಟಿದರೆ ಪಿಸ್ಟನ್ ಬೆಣ್ಣೆಯಂತೆ ಕರಗುತ್ತದೆ ಎಂದು ಮಾವನಿಗೆ ಹತ್ತು ಸಲ ಹೇಳಿದೆ.

ಎಲ್ಲ ಸೇರಿಸಿ ಮೊದಲ ಸಲ ಪೂರ್ತಿ ಎಣ್ಣೆ ಕೊಟ್ಟ ದಿನವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಟರ್ಬೊ ಮೊದಲು ಸಣ್ಣಗೆ ಸಿಳ್ಳೆ ಹಾಕಿತು, ಆಮೇಲೆ ಚೀರಿತು. ಗಾಡಿ ನಿಂತಲ್ಲೇ ಒಂದು ಬದಿಗೆ ವಾಲಿತು. ವರ್ಕ್‌ಶಾಪಿನ ತಗಡಿನ ಮಾಡಿನಿಂದ ಧೂಳು ಉದುರಿತು. ನಾನು ಸ್ಪ್ಯಾನರ್ ಹಿಡಿದುಕೊಂಡೇ ಕುಣಿದೆ, ಯಾರು ನೋಡಿದರೂ ನಾಚಿಕೆಯಿರಲಿಲ್ಲ. ಮರುದಿನದಿಂದ ಮಾವ ಈರುಳ್ಳಿ ಚೀಲ ಹೇರಿಕೊಂಡು ಬೇಲಾಪುರ ರಸ್ತೆಯಲ್ಲಿ ದೊಡ್ಡ ದೊಡ್ಡ ಕಾರುಗಳನ್ನು ಹಿಂದೆ ಹಾಕತೊಡಗಿದರು. ಕೊತ್ತಂಬರಿ ಸೊಪ್ಪು ಹೊಗೆ ನಾರುತ್ತದೆಂದು ಒಂದು ಹೋಟೆಲಿನವರು ದೂರು ಕೊಟ್ಟರು. ಅದಕ್ಕೆ ಹೊಗೆಕೊಳವೆಯನ್ನು ಮೇಲಕ್ಕೆ ತಿರುಗಿಸಿದೆ.

ಪಂದ್ಯದ ಭಾನುವಾರ ಅತ್ತೆಯೂ ಬಂದರು. ಗಾಡಿಯ ಮೇಲೆ ಕಣ್ಣಿಡಲು ಎಂದರು. ತಗಡಿನ ದೊಡ್ಡ ಬಿಸ್ಕತ್ತು ಡಬ್ಬಿಯ ತುಂಬ ಗೋಳಿಬಜೆ ಮಾಡಿ ತಂದಿದ್ದರು. ಬಯಲಿನಲ್ಲಿ ಹತ್ತಾರು ಪಿಕಪ್ಪುಗಳು. ಘೋಡಬಂದರ್ ರಸ್ತೆಯ ಒಬ್ಬ ಕಂಟ್ರಾಕ್ಟರ್ ಹೊರದೇಶದಿಂದ ತರಿಸಿದ ಟರ್ಬೊ ಹಾಕಿಸಿ, ಟೀ ಶರ್ಟಿನ ಮೇಲೂ ಗಾಡಿಯ ಚಿತ್ರ ಅಚ್ಚು ಹಾಕಿಸಿಕೊಂಡು ಬಂದಿದ್ದ. ನಮ್ಮ ಗಾಡಿಯ ಮೂಲೆಯಲ್ಲಿದ್ದ ಟೊಮೆಟೊ ಕ್ರೇಟ್ ನೋಡಿ ಅವನು ನಕ್ಕ. ನನಗೆ ಮೈಯೆಲ್ಲ ಉರಿಯಿತು.

ಮೊದಲ ಸುತ್ತಿನಲ್ಲಿ ಮಾವ ಎಳೆದ ಎಳೆತಕ್ಕೆ ಅವನ ನಗು ನಿಂತಿತು. ಜನ ಹತ್ತುತ್ತಿದ್ದಾರೆ, ಹತ್ತುತ್ತಿದ್ದಾರೆ, ಗಾಡಿ ಮಾತ್ರ ಮೂಗು ಮೇಲೆತ್ತಿ ಮಣ್ಣು ಕೆದರುತ್ತ ಹೋಗುತ್ತಲೇ ಇದೆ! ನಾನು ಪಕ್ಕದಲ್ಲಿ ಓಡುತ್ತ ಕಿರುಚಿ ಗಂಟಲು ಕೆಡಿಸಿಕೊಂಡೆ. ಎಲ್ಲರಿಗಿಂತ ಮುಂದೆ ಹೋಗಿ ನಿಂತೆವು. ಫೈನಲ್ಲಿಗೆ ನಾವು ಮತ್ತು ಆ ಕಂಟ್ರಾಕ್ಟರ್.

ನಾನು ಹೆಸರು ಬರೆಸಿ ತಿರುಗುವಷ್ಟರಲ್ಲಿ ಮಾವ ಬಾನೆಟ್ ಎತ್ತಿ, ಭಟ್ಟಿಯವರ ಡ್ರಮ್ಮಿನಿಂದ ಒಂದು ಬಕೆಟ್ ನೀರು ತುಂಬಿ, ಇಂಜಿನ್ನಿನ ಮೇಲೆ ಸುರಿದೇಬಿಟ್ಟರು. ಓಡಿ ಬಂದ ಕೋಣಕ್ಕೆ ಮೊದಲು ಮೈಮೇಲೆ ನೀರು ಹಾಕಬೇಕು, ಇದು ಅವರ ಕೈಗೆ ಹುಡುಗನಾಗಿದ್ದಾಗಲೇ ಹತ್ತಿದ ಪಾಠ. ಬುಸ್ಸೆಂದು ಹಬೆ ಎದ್ದಿತು. ಅದರೊಳಗಿನಿಂದ 'ಟಣ್' ಎಂದು ಸದ್ದು ಬಂತು.

ಓಡಿ ಹೋಗಿ ಬಗ್ಗಿ ನೋಡಿದೆ. ಇಂಜಿನ್ನಿನಿಂದ ಟರ್ಬೊಗೆ ಹೊಗೆ ಒಯ್ಯುವ ಬೀಡು ಕಬ್ಬಿಣದ ಕೊಳವೆ ಕೆಂಪಗೆ ಕಾದಿತ್ತು, ತಣ್ಣೀರು ಬಿದ್ದು ಸೀಳಿತ್ತು. "ಇದು ಕೋಣ ಅಲ್ಲ ಮಾವ! ಕಬ್ಬಿಣ!" ಎಂದು ಬಯಲಿಗೆಲ್ಲ ಕೇಳುವಂತೆ ಕೂಗಿದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ನನಗಾಗಿಯೇ ಹುಟ್ಟಿದಂತಿತ್ತು. ಮಾವ ಖಾಲಿ ಬಕೆಟ್ ಹಿಡಿದುಕೊಂಡು, "ಬಿಸಿಯಾಗಿತ್ತಲ್ಲ ಮಗಾ" ಎಂದರು. ಅವರ ಮುಖ ನೋಡಿ ನನ್ನ ಸಿಟ್ಟು ಅರ್ಧಕ್ಕೇ ನಿಂತಿತು.

ಅತ್ತೆ ಬಂದು, "ಎಂಥಾಯ್ತು? ಸರಿಯಾಗಿ ಹೇಳು" ಎಂದರು.

ಹೇಳಿದೆ. ಬಿರುಕಿನಲ್ಲಿ ಹೊಗೆ ಸೋರಿದರೆ ಟರ್ಬೊ ಜೋರಾಗಿ ತಿರುಗುವುದಿಲ್ಲ, ಗಾಳಿ ಕಡಿಮೆಯಾಗುತ್ತದೆ. ಪಂಪಿನ ಸ್ಕ್ರೂ ತಿರುಗಿಸಿ ಎಣ್ಣೆಯನ್ನೂ ಕಡಿಮೆ ಮಾಡಿದರೆ ಇಂಜಿನ್ ಉಳಿಯುತ್ತದೆ, ನಾಳೆ ವಾಶಿಗೆ ಹೋಗುತ್ತದೆ, ಪಂದ್ಯ ಮಾತ್ರ ಸೋತಂತೆಯೇ. ಎಣ್ಣೆ ಹಾಗೇ ಬಿಟ್ಟು ಎಳೆದರೆ ಗೆದ್ದರೂ ಗೆಲ್ಲಬಹುದು, ಪಿಸ್ಟನ್ ಕರಗಿದರೂ ಕರಗಬಹುದು.

ಮಾವ ತಲೆ ತಗ್ಗಿಸಿ, "ಕಡಿಮೆ ಮಾಡು. ಸೋಮವಾರ ಉಂಟಲ್ಲ" ಎಂದರು.

ನಾನು ಸ್ಕ್ರೂಡ್ರೈವರ್ ಎತ್ತಿಕೊಂಡೆ. ಅತ್ತೆ ಸರಕ್ಕನೆ ತಿರುಗಿ ಜನರ ಗದ್ದಲದಿಂದ ಆಚೆ ನಡೆದರು. ಸಿಟ್ಟಾದರೆಂದುಕೊಂಡೆ. ತುಸು ಹೊತ್ತಿಗೆ ತಿರುಗಿ ಬಂದು ಡಬ್ಬಿಯ ಗೋಳಿಬಜೆಯನ್ನೆಲ್ಲ ಪೇಪರಿನ ಮೇಲೆ ಸುರಿದು, ಖಾಲಿ ಡಬ್ಬಿಯನ್ನು ನನ್ನ ಮುಂದೆ ಹಿಡಿದರು. "ಈ ತಗಡು ಕತ್ತರಿಸಿ ಆ ಬಿರುಕಿಗೆ ಸುತ್ತಲಿಕ್ಕೆ ಆಗ್ತದಾ?"

"ಸ್ವಲ್ಪ ಹೊತ್ತು ತಡೀಬಹುದು. ಆದ್ರೆ ಅತ್ತೆ, ನಾಳೆ..."

"ಕಂಬಳದ ಕರೆಗೆ ಇಳಿಸಿದ ಕೋಣವನ್ನು ಯಾರಾದ್ರೂ ಅರ್ಧದಲ್ಲಿ ಬಿಚ್ತಾರಾ? ಸ್ಕ್ರೂ ಮುಟ್ಬೇಡ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಡಬ್ಬಿ ಕತ್ತರಿಸಿ ಎರಡು ಪದರ ಸುತ್ತಿದೆ, ಕ್ಲಾಂಪ್ ಹಾಕಿ ಬಿಗಿದೆ. ಕೈ ಸುಟ್ಟದ್ದು ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಕಂಟ್ರಾಕ್ಟರ್ ಎಳೆದು ಮುಗಿಸಿದ್ದ. ಅವನು ನಿಂತಲ್ಲಿ ಸುಣ್ಣದ ಗೆರೆ ಬಿದ್ದಿತ್ತು, ನೋಡಿದರೆ ಹೆದರಿಕೆಯಾಗುವಷ್ಟು ದೂರದಲ್ಲಿ.

ಮಾವ ಗೇರ್ ಹಾಕಿದರು. ಸರಪಳಿ ಬಿಗಿಯಾಯಿತು. ಗಾಡಿ ಕಪ್ಪು ಹೊಗೆಯನ್ನು ಆಕಾಶಕ್ಕೆ ಉಗುಳುತ್ತ ಹೊರಟಿತು. ಅರ್ಧ ದಾರಿಯಲ್ಲಿ ಡಬ್ಬಿಯ ತಗಡು ಹರಿದು, ಬಾನೆಟ್ಟಿನ ಸಂದಿಯಿಂದ ಬೆಂಕಿಯ ನಾಲಿಗೆ ಹೊರಬಂತು. ಮೀಟರಿನ ಮುಳ್ಳು ಕೆಂಪು ದಾಟಿದ್ದು ಕಿಟಕಿಯಿಂದ ನನಗೇ ಕಾಣುತ್ತಿತ್ತು. ಕಾಲು ತೆಗೀರಿ ಎನ್ನಬೇಕು. ನನ್ನ ಬಾಯಿಂದ ಬಂದದ್ದು, "ಒತ್ತಿ ಮಾವಾ, ಒತ್ತಿ!" ತುಳುವಿನಲ್ಲಿ ಏನೇನೋ ಅರಚುತ್ತ ಮಾವ ಒತ್ತಿದರು. ಗೆರೆಯ ಹತ್ತಿರ ಗಾಡಿ ನಡುಗಿತು, ಇನ್ನಷ್ಟು ಜಗ್ಗಿತು, ಢಂ ಎಂದು ಒಮ್ಮೆ ಸದ್ದಾಗಿ ಎಲ್ಲವೂ ನಿಂತಿತು.

ಬಾನೆಟ್ ಎತ್ತುವ ಮೊದಲೇ ನನಗೆ ವಾಸನೆಯಲ್ಲೇ ಗೊತ್ತಾಯಿತು, ಪಿಸ್ಟನ್ ಹೋಗಿದೆ. ಹೊರೆಯ ತಗಡು ಗೆರೆ ದಾಟಿದೆಯೋ ಇಲ್ಲವೋ ಧೂಳಿನಲ್ಲಿ ಯಾರಿಗೂ ಕಾಣಿಸುತ್ತಿರಲಿಲ್ಲ. ಟೇಪು ತನ್ನಿ ಎಂದು ಎಲ್ಲರೂ ಬೊಬ್ಬೆ ಹಾಕುತ್ತಿದ್ದರು. ಮಾವ ಸ್ಟೀರಿಂಗ್ ಬಿಡದೆ ಕೂತಿದ್ದರು. ನಾನು ಅತ್ತೆಯ ಹತ್ತಿರ ಹೋದೆ. ನನಗೆ ಅಳು ಬರುತ್ತಿತ್ತು.

"ಅತ್ತೆ, ನಾಳೆ ಗಾಡಿ..."

"ಬಾಡಿಗೆ ಟೆಂಪೊ ಬರ್ತದೆ. ಹೇಳಿ ಆಗಿದೆ."

"ಯಾವಾಗ?"

"ಡಬ್ಬಿ ಕೊಡುವ ಮೊದ್ಲೇ ಫೋನ್ ಮಾಡಿದ್ದೆ." ಅತ್ತೆಯ ಕಣ್ಣು ನನ್ನ ಮೇಲಿರಲಿಲ್ಲ, ಗೆರೆಯ ಮೇಲಿತ್ತು. "ಮೂವತ್ತು ವರ್ಷದಿಂದ ಕೇಳ್ತಾ ಇದ್ದೇನೆ ಮಾರಾಯ್ತಿ, ಆ ಮನುಷ್ಯ ಸೋತ ಕಂಬಳದ ಕತೆ. ಇಲ್ಲಿ ಎಂಥ ಅಳುವುದು? ಹೋಗು, ಆ ಕಂಟ್ರಾಕ್ಟರ್ ಟೇಪಿನ ತುದಿ ಹಿಡಿದಿದ್ದಾನೆ!"

ನಾನು ಓಡಿದೆ. ಟೇಪಿನ ತುದಿಯನ್ನು ಅವನ ಕೈಯಿಂದ ಕಿತ್ತುಕೊಂಡು ನಾನೇ ಮೊಣಕಾಲೂರಿ ಹಿಡಿದೆ. ಒಂದು ಮೊಳ ನಮ್ಮದು ಮುಂದಿತ್ತು.