ಹದಿನಾರು ನಿಯಾನ್ ದೀಪಗಳು

ನಿಯಾನ್ ದೀಪದೊಳಗಿನ ಎರಡು ಕಡ್ಡಿಗಳ ನಡುವೆ ಒಂದು ಅಕ್ಕಿಕಾಳು ಅಡ್ಡಲಾಗಿ ಹಿಡಿಯುವಷ್ಟು ಜಾಗವಿರುತ್ತದೆ. ಸ್ವಿಚ್ ಬೋರ್ಡಿನಲ್ಲಿ ಕೆಂಪಗೆ ಮಿನುಗುವ ಅದೇ ದೀಪ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಬಳಸುವ ಮಿಲಿಮೀಟರ್ ಅಲೆ ಆ ಸಂದಿಗೆ ಬಿದ್ದರೆ ದೀಪದ ಕರೆಂಟು ತುಸು ಬದಲಾಗುತ್ತದೆ. ದುಬಾರಿ ಉಪಕರಣದ ಕೆಲಸವನ್ನು ಬಳ್ಳಾರಿಯ ಅಂಗಡಿಯಲ್ಲಿ ಸಿಗುವ ಈ ದೀಪದಿಂದ ಮಾಡಿಸುವುದು ನನ್ನ ಎಂ.ಟೆಕ್ ಪ್ರಾಜೆಕ್ಟ್. ನೂರಾರು ದೀಪಗಳಿಂದ ಒಂದೇ ತರಹ ಉರಿಯುವ ಹದಿನಾರನ್ನು ಆಯ್ದು ತೆಗೆಯಲು ಎರಡು ತಿಂಗಳು ಹಿಡಿಯಿತು. ಅವುಗಳ ಸಾಲು ಮೇಲಿಂದ ಕೆಳಗೆ ಸರಿದಂತೆ ಎದುರಿಗಿದ್ದ ವಸ್ತುವಿನ ಚಿತ್ರ ಕಂಪ್ಯೂಟರಿನಲ್ಲಿ ಮೂಡುತ್ತಿತ್ತು.

ಈ ಅಲೆ ಬಟ್ಟೆಯನ್ನು ದಾಟುತ್ತದೆ, ಲೋಹಕ್ಕೆ ತಾಗಿ ಮರಳುತ್ತದೆ. ನನಗೆ ಬೇಕಾಗಿದ್ದು ಅಷ್ಟೇ. ಅವ್ವ ಕುರುಗೋಡಿನಿಂದ ದಿನಾ ಬಳ್ಳಾರಿಗೆ ಬಂದು ಕಾರ್ಖಾನೆಯೊಂದರಲ್ಲಿ ಜೀನ್ಸ್ ಹೊಲಿಯುತ್ತಾಳೆ. ಹಿತ್ತಾಳೆ ಗುಂಡಿ ಕದ್ದಿದ್ದಾರೆಯೇ ಎಂದು ಸಂಜೆ ಗೇಟಿನಲ್ಲಿ ಹೆಂಗಸರ ಮೈ ತಡವಿ ನೋಡುತ್ತಾರೆ. ಅವ್ವ ಅದನ್ನು ಹೇಳಿದ್ದು ಒಮ್ಮೆ ಮಾತ್ರ, ಅನ್ನ ಬಸಿಯುತ್ತಾ, ನನ್ನ ಕಡೆ ನೋಡದೆ.

ನನ್ನ ಗೈಡ್ ಪ್ರದರ್ಶನಕ್ಕೆ ಕರೆದದ್ದು ಆ ಕಾರ್ಖಾನೆಯ ಮಾಲೀಕರನ್ನೇ. ನಾನು ಯಾರ ಮಗಳೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ಪ್ರೊಜೆಕ್ಟರ್ ಚೆನ್ನಾಗಿ ಕಾಣಲೆಂದು ಗೈಡ್ ಕಿಟಕಿಗೆ ಪರದೆ ಎಳೆದುಬಿಟ್ಟರು. ಈ ದೀಪಗಳು ಹತ್ತಿಕೊಳ್ಳಲು ತುಸು ಹೊರಬೆಳಕು ಬೇಕು, ಕತ್ತಲಲ್ಲಿ ಹಟ ಮಾಡುತ್ತವೆ. ಗೋಡೆಯ ಮೇಲೆ ಬರೀ ಬೂದು ಬಣ್ಣ.

"ಏನ್ರೀ ಸರ, ಮೋಡ ತೋರ್ಸಾಕ ಕರದ್ರೇನು?" ಎಂದರು ಮಾಲೀಕರು.

"ಹುಡುಗೀರ ಕೈಕೆಲ್ಸಾರಿ, ಹಿಂಗ ಆಗ್ತದ," ಎಂದು ಗೈಡ್ ನಕ್ಕರು.

ನಾನು ಎದ್ದು ಪರದೆ ಸರಿಸಿದೆ. ದೀಪಗಳು ಒಂದೊಂದಾಗಿ ಹತ್ತಿದವು. ಎದುರಿಗೆ ತೂಗುಹಾಕಿದ್ದ ಜೀನ್ಸಿನ ಜೇಬಿನೊಳಗೆ ನಾನಿಟ್ಟಿದ್ದ ಹಿಡಿ ಗುಂಡಿಗಳು ಗೋಡೆಯ ಮೇಲೆ ಬೆಳ್ಳಗೆ ಮೂಡಿದವು.

"ನಮ್ಮ ಡಿಸೈನು," ಎಂದರು ಗೈಡ್.

"ಭಾರಿ ಐತಿ ಬಿಡ್ರಿ!" ಎಂದರು ಮಾಲೀಕರು. "ಮೊದ್ಲು ಇದ್ರಾಗ ನೋಡೋದು, ಆಮ್ಯಾಲ ಕೈಲೆ ತಡವೋದು. ಒಂದು ಗುಂಡೀನೂ ಹೊರಗ ಹೋಗಂಗಿಲ್ಲ."

"ಇದಿದ್ರ ಕೈ ಹಾಕೋದು ಬೇಕಾಗಿಲ್ರಿ," ಎಂದೆ.

"ಕೈ ಬಿಟ್ರ ಅಂಜಿಕಿ ಎಲ್ಲಿರ್ತೈತಿ, ತಂಗಿ?"

ಪರದೆ ಸರಿಸದೆ ಸುಮ್ಮನೆ ಕೂತಿದ್ದರೆ ಸಾಕಿತ್ತು.

ಮನೆಯಲ್ಲಿ ಅವ್ವ ಕೇಳಿದಳು, "ನಿನ್ನ ಮಷೀನು ನಡೀತೇನು?"

"ನಡೀತು," ಎಂದೆ.

ಮರುದಿನ ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸಿಗೆ ಬಂದೆವು. ಅವ್ವ ಕಾರ್ಖಾನೆಯ ಹತ್ತಿರ ಇಳಿದಳು. ನಾನು ಲ್ಯಾಬಿಗೆ ಹೋಗಿ, ಬೆಸುಗೆ ಕಡ್ಡಿ ಕಾಯಿಸಿ, ಹದಿನಾರು ದೀಪಗಳನ್ನೂ ಕಳಚಿದೆ. ಆಯ್ಕೆಯಾಗದೆ ಉಳಿದಿದ್ದ ದೀಪಗಳ ಪೊಟ್ಟಣಕ್ಕೆ ಅವನ್ನು ಸುರಿದು, ಬಾಯಿ ಕಟ್ಟಿ, ಚೆನ್ನಾಗಿ ಕುಲುಕಿದೆ.