ಪರದೆಯ ಹಿಂದಿನ ಬೇಸ್ ಗಿಟಾರು

ಬೇಸ್ ಗಿಟಾರ್ ಆರಿಸಲು ಹೋದ ದಿನ ನಾನು ಅದನ್ನು ಮುಟ್ಟಲೇ ಇಲ್ಲ. ಬಾರಿಸಬೇಕಾದವಳು ನಾನು, ಯಾವುದು ಬೇಕೆಂದು ಹೇಳಬೇಕಾದವಳೂ ನಾನೇ. ಆದರೂ ಕೈಯಲ್ಲಿ ಸೊಪ್ಪಿನ ಚೀಲ ಹಿಡಿದು, ಅಣ್ಣನ ಜೊತೆ ಪೇಟೆಗೆ ಸುಮ್ಮನೆ ಬಂದವಳ ಹಾಗೆ ಅಂಗಡಿಯ ಬಾಗಿಲಲ್ಲಿ ನಿಂತಿರಬೇಕೆಂದು ಅಪ್ಪಣೆಯಾಗಿತ್ತು. ಈಗ ನೆನೆಸಿಕೊಂಡರೂ ಮೈ ಉರಿಯುತ್ತದೆ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು ಇದು. ಅಪ್ಪ ಅಮ್ಮ ಗುಬ್ಬಿಯಲ್ಲಿದ್ದರು. ನಾನು ಬಿ.ಎ. ಓದಲೆಂದು ತುಮಕೂರಿನ ಸದಾಶಿವನಗರದಲ್ಲಿ ಅಣ್ಣನ ಮನೆ ಸೇರಿದ್ದೆ. ಅಣ್ಣ ಹಗಲು ಹೊತ್ತು ಸರ್ಕಾರಿ ಕಚೇರಿಯ ಗುಮಾಸ್ತ, ಭಾನುವಾರ ಆರ್ಕೆಸ್ಟ್ರಾದ ಯಜಮಾನ. ಆಗ ಮದುವೆಯ ಆರತಕ್ಷತೆ ಇರಲಿ, ಬೀದಿ ಗಣೇಶ ಇರಲಿ, ಸಿನಿಮಾ ಹಾಡಿನ ಆರ್ಕೆಸ್ಟ್ರಾ ಇಲ್ಲದಿದ್ದರೆ ಜನಕ್ಕೆ ಸಮಾಧಾನವೇ ಇರುತ್ತಿರಲಿಲ್ಲ. ಅಭ್ಯಾಸವೆಲ್ಲ ನಮ್ಮ ಮನೆಯ ಮುಂದಿನ ರೂಮಿನಲ್ಲಿ. ಅಣ್ಣ ಅಕಾರ್ಡಿಯನ್ ಹಿಡಿದು ನಡುವೆ ಕೂರುತ್ತಿದ್ದ. ನನಗೂ ಅತ್ತಿಗೆಗೂ ಒಳಗೆ ಕಾಫಿ ಮಾಡುವ, ಲೋಟ ತೊಳೆಯುವ ಕೆಲಸ.

ಬೇಸ್ ಬಾರಿಸುತ್ತಿದ್ದವರು ತಮ್ಮ ಗಿಟಾರನ್ನು ವಾರವೆಲ್ಲ ನಮ್ಮ ಮನೆಯಲ್ಲೇ ಬಿಟ್ಟು ಹೋಗುತ್ತಿದ್ದರು. ನಾಲ್ಕೇ ತಂತಿ, ಎಲ್ಲವೂ ದಪ್ಪ. ಹಾಡಿನ ರಾಗವನ್ನು ಅದರಲ್ಲಿ ಬಾರಿಸುವುದಿಲ್ಲ. ರಾಗದ ಕೆಳಗೆ, ತಾಳದ ಜೊತೆಜೊತೆಗೆ ದುಂ ದುಂ ಎಂದು ನಡೆದುಕೊಂಡು ಹೋಗುವ ದನಿ ಅದು. ಹಾಡು ಕೇಳಲು ಬಂದವರ ಕಿವಿಗೆ ಅದು ಬೇರೆಯಾಗಿ ಬೀಳುವುದೂ ಕಡಿಮೆ. ನನಗೆ ಮಾತ್ರ ಅಡುಗೆಮನೆಯಲ್ಲಿ ನಿಂತರೂ ಅದೊಂದೇ ಕೇಳಿಸುತ್ತಿತ್ತು. ಮಧ್ಯಾಹ್ನ ಅತ್ತಿಗೆ ಮಲಗಿದ ಮೇಲೆ ಅದನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದೆ. ಕರೆಂಟಿನ ಆಂಪ್ಲಿಫೈಯರಿಗೆ ಸಿಕ್ಕಿಸದಿದ್ದರೆ ಅದು ಪಕ್ಕದ ರೂಮಿಗೂ ಕೇಳಿಸುವುದಿಲ್ಲ. ಗಿಟಾರಿನ ತಲೆಯನ್ನು ಮರದ ಬೀರುವಿಗೆ ಒತ್ತಿ ಹಿಡಿದರೆ ಬೀರು ಸಣ್ಣಗೆ ಗುಂಯ್ ಅನ್ನುತ್ತಿತ್ತು. ಆ ಬೀರುವಿನ ಬಾಗಿಲಿಗೆ ಕಿವಿ ಕೊಟ್ಟು, ರೇಡಿಯೋದಲ್ಲಿ ಕೇಳಿದ ಹಾಡುಗಳ ಸ್ವರವನ್ನು ಹುಡುಕಿ ಹುಡುಕಿ ಕಲಿತೆ. ಎರಡು ವರ್ಷ ಹೀಗೇ ನಡೆಯಿತು.

ಒಂದು ಮಧ್ಯಾಹ್ನ ಅಣ್ಣ ತಲೆನೋವೆಂದು ಕಚೇರಿಯಿಂದ ಬೇಗ ಬಂದ. ಕಿವಿ ಬೀರುವಿಗೆ ಅಂಟಿಕೊಂಡಿದ್ದರಿಂದ ಅವನು ಬಂದದ್ದು ನನಗೆ ಗೊತ್ತಾಗಲಿಲ್ಲ. ತಿರುಗಿ ನೋಡಿದರೆ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲಿ ನಿಂತಿದ್ದಾನೆ.

"ಇನ್ನೊಂದ್ ಸಲ ಬಾರ್ಸು," ಅಂದ.

ಬಾರಿಸಿದೆ. ಆ ತಿಂಗಳೇ ಬೇಸ್‌ನವರಿಗೆ ಮೈಸೂರಿಗೆ ವರ್ಗವಾಗಿತ್ತು, ತಮ್ಮ ಗಿಟಾರನ್ನೂ ತೆಗೆದುಕೊಂಡು ಹೋಗುವವರಿದ್ದರು. ಅಣ್ಣ ಅತ್ತಿಗೆಯನ್ನು ಎಬ್ಬಿಸಿ, "ನೋಡೇ, ನಾನು ಊರೆಲ್ಲಾ ಹುಡುಕ್ತಾ ಇದೀನಿ, ಇವ್ಳು ಮನೇಲೇ ಕೂತವ್ಳೆ!" ಎಂದು ಕುಣಿದಾಡಿದ. ನನಗೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸಂಜೆಯ ಹೊತ್ತಿಗೆ ಗಂಡ ಹೆಂಡತಿ ಇಬ್ಬರೂ ಗುಸುಗುಸು ಮಾತಾಡಿ ತೀರ್ಮಾನಕ್ಕೆ ಬಂದಿದ್ದರು.

"ಬಾರ್ಸೋಳು ನೀನೇ. ಆದ್ರೆ ಸ್ಟೇಜ್ ಮೇಲಲ್ಲ, ಪರದೆ ಹಿಂದೆ," ಅಂದ ಅಣ್ಣ.

"ಯಾಕೆ? ಹಾಡೋ ಹುಡ್ಗಿ ಮುಂದೇನೇ ನಿಂತ್ಕೊಳ್ಳಲ್ವಾ?"

"ಅವ್ಳು ಬೇರೆ, ನೀನು ಬೇರೆ. ಅವ್ಳನ್ನ ಜನ ಏನೇನ್ ಆಡ್ಕೋತಾರೆ ಅಂತ ನಂಗ್ ಗೊತ್ತು. ನಾಳೆ ನಿಂಗೆ ಗಂಡು ಸಿಗೋದ್ ಬೇಡ್ವೇನೇ?"

ಗಂಡಿನ ಮಾತು ಬಂದರೆ ನಮ್ಮ ಮನೆಯಲ್ಲಿ ಚರ್ಚೆ ಮುಗಿದ ಹಾಗೆ. ಜನರ ಕಣ್ಣಿಗೆ ಬೇಸ್ ಹಿಡಿದು ನಿಲ್ಲಲು ಅತ್ತಿಗೆಯ ತಮ್ಮನನ್ನು ಗೊತ್ತು ಮಾಡಿದರು. ಇಪ್ಪತ್ತೈದು ವರ್ಷದವನು, ಕಿವಿ ಮುಚ್ಚುವ ಕೂದಲು, ಬೆಲ್‌ಬಾಟಮ್ ಪ್ಯಾಂಟು. ನೋಡಲು ಲಕ್ಷಣವಾಗಿದ್ದ, ಪಾಪ, ಒಳ್ಳೆಯವನೂ ಹೌದು. ಸಂಗೀತ ಮಾತ್ರ ಅವನ ಹತ್ತಿರ ಸುಳಿದಿರಲಿಲ್ಲ.

ಟೌನ್‌ಹಾಲ್ ಕಡೆಯ ಅಂಗಡಿಯೊಂದರಲ್ಲಿ ಹಾರ್ಮೋನಿಯಂ, ತಬಲಾಗಳ ನಡುವೆ ಎರಡು ಬೇಸ್ ಗಿಟಾರುಗಳು ಬಂದಿದ್ದವು. ಒಂದು ಥಳಥಳ ಹೊಳೆಯುವ ಕೆಂಪು, ಇನ್ನೊಂದು ಅಲ್ಲಲ್ಲಿ ಗೀಚಿದ, ಮಂಕು ಕಂದು. ಮನೆಯಲ್ಲೇ ಒಪ್ಪಂದವಾಗಿತ್ತು. ಅತ್ತಿಗೆಯ ತಮ್ಮ ಗಿಟಾರ್ ಹಿಡಿದು, ಅದರ ಕತ್ತಿನ ಉದ್ದಕ್ಕೂ ಇರುವ ಲೋಹದ ಪಟ್ಟಿಗಳ ಪಕ್ಕದಲ್ಲಿ ಮೇಲಿನಿಂದ ಕೆಳಗೆ ಒಂದೊಂದಾಗಿ ಒತ್ತುತ್ತಾ ತಂತಿ ಮೀಟಬೇಕು. ನಾನು ಬಾಗಿಲಲ್ಲೇ ನಿಂತು ಕೇಳಬೇಕು. ಬೇಕಾದದ್ದು ಸಿಕ್ಕಿದರೆ, "ಅಣ್ಣ, ಹೊತ್ತಾಯ್ತು" ಅನ್ನಬೇಕು. ಕಳ್ಳರೂ ಇಷ್ಟು ಮುಂದಾಲೋಚನೆ ಮಾಡಲಿಕ್ಕಿಲ್ಲ.

ಕೆಂಪು ಗಿಟಾರನ್ನು ಹೆಗಲಿಗೆ ಹಾಕಿಕೊಂಡವನೇ ಅವನು ಗೋಡೆಯ ಕನ್ನಡಿ ನೋಡಿಕೊಳ್ಳಲು ಶುರು ಮಾಡಿದ. ಅಂಗಡಿಯವರು ವೈರನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿದರು, ಅಣ್ಣ ತಿವಿದ ಮೇಲೆ ಅವನು ತಂತಿ ಮೀಟಿದ. ಐದನೇ ಪಟ್ಟಿಗೆ ಬರುತ್ತಲೇ ಜುಯ್ ಎಂದು ತಂತಿ ಲೋಹಕ್ಕೆ ತಗುಲಿ ಅದುರಿತು. ಗಿಟಾರಿನ ಕತ್ತು ಸಣ್ಣಗೆ ಬಾಗಿರುವುದು ಪಕ್ಕದಿಂದ ನೋಡುತ್ತಿದ್ದ ನನಗೆ ಕಾಣುತ್ತಿತ್ತು. ಆಮೇಲೆ ಕಂದು ಬಣ್ಣದ್ದನ್ನು ಎತ್ತಿಕೊಂಡ. ಅವನ ಭುಜ ಜಗ್ಗಿತು, ಅಷ್ಟು ಭಾರ. ಆದರೆ ನಾಲ್ಕರಲ್ಲಿ ಎಲ್ಲಕ್ಕಿಂತ ದಪ್ಪನೆಯ ತಂತಿಯನ್ನು ಮೀಟಿದಾಗ ಅಂಗಡಿಯ ಗಾಜಿನ ಬಾಗಿಲಿಗೆ ಒರಗಿದ್ದ ನನ್ನ ಬೆನ್ನಿಗೆ ಆ ದನಿ ತಾಗಿತು. ಮೀಟಿ ಬಿಟ್ಟ ಮೇಲೂ ನಿಂತೇ ಇತ್ತು. ಅಯ್ಯೋ, ನನಗೆ ಒಪ್ಪಂದ ಗಿಪ್ಪಂದ ಎಲ್ಲ ಮರೆತೇಹೋಯಿತು.

"ಅದೇ ತಂತೀನ ಸರೀಗ್ ಅರ್ಧದಲ್ಲಿ ಒತ್ತಿ ಬಾರಿಸಿ ನೋಡಿ. ಒತ್ತದೇ ಇದ್ದಾಗ ಬರೋ ಸ್ವರಾನೇ ಮೇಲಿನ ಸ್ಥಾಯೀಲಿ ಬರ್ಬೇಕು," ಅಂದುಬಿಟ್ಟೆ.

ಅಂಗಡಿಯವರು ಕನ್ನಡಕ ಸರಿಮಾಡಿಕೊಂಡು ನನ್ನ ಕಡೆ ನೋಡಿದರು. "ಏನಮ್ಮಾ, ನಿಂಗೂ ಬರುತ್ತಾ? ಬಾ, ನೀನೇ ಬಾರಿಸಿ ನೋಡು."

"ಇಲ್ಲ ಸ್ವಾಮಿ, ಇವ್ಳಿಗೇನ್ ಬರುತ್ತೆ! ಮನೇಲಿ ಕೇಳಿ ಕೇಳಿ ಬಾಯಿಗ್ ಬಂದಿದ್ದು ಹೇಳ್ತಾಳೆ ಅಷ್ಟೇ," ಎಂದು ಅಣ್ಣ ನಕ್ಕ. ಗಿಟಾರ್ ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿತ್ತು. ಅಂಗಡಿಯವರು ಅದನ್ನು ನನ್ನ ಕಡೆಗೇ ಚಾಚಿ ಹಿಡಿದಿದ್ದರು. ನಾನು ಸೊಪ್ಪಿನ ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಅಣ್ಣ, ಹೊತ್ತಾಯ್ತು" ಅಂದೆ.

ಅಣ್ಣ ಎರಡನ್ನೂ ಕೊಂಡ. ಕೆಂಪು ಗಿಟಾರ್ ಸ್ಟೇಜಿಗೆ, ಕಂದು ಗಿಟಾರ್ ನನಗೆ.

ಅಂದಿನಿಂದ ನನ್ನ ಪರದೆಯ ಬಾಳು ಶುರುವಾಯಿತು. ಸ್ಟೇಜಿನ ಹಿಂಬದಿಗೆ ಕಟ್ಟಿದ ನೀಲಿ ಬಟ್ಟೆ, ಅದರ ಹಿಂದೆ ಮಡಚಿಟ್ಟ ಕುರ್ಚಿಗಳು, ಪೊರಕೆ, ಚಪ್ಪರದಿಂದ ಬಿಚ್ಚಿದ ಬಾಳೆಕಂದು. ಅವುಗಳ ಮಧ್ಯೆ ಒಂದು ಸ್ಟೂಲು. ನನ್ನ ಗಿಟಾರಿನ ವೈರು ಜಮಖಾನದ ಅಡಿಯಲ್ಲಿ ಆಂಪ್ಲಿಫೈಯರಿಗೆ ಹೋಗುತ್ತಿತ್ತು. ಅತ್ತಿಗೆಯ ತಮ್ಮನ ಕೆಂಪು ಗಿಟಾರಿನ ವೈರು ಅದೇ ಜಮಖಾನದ ಅಡಿಯಲ್ಲಿ ಎಲ್ಲಿಗೂ ಹೋಗದೆ ಮುಗಿಯುತ್ತಿತ್ತು. ನನಗೆ ಕಾಣುತ್ತಿದ್ದದ್ದು ಪರದೆಯ ಕೆಳಗಿನ ಗೇಣಗಲ ಸಂದಿಯಲ್ಲಿ ಪಾದಗಳು ಮಾತ್ರ. ಕೆಮ್ಮುವ ಹಾಗಿಲ್ಲ, ಎದ್ದು ಓಡಾಡುವ ಹಾಗಿಲ್ಲ. ಬೇಸಿಗೆಯಲ್ಲಿ ಬೆವರು ಮೊಣಕೈವರೆಗೆ ಇಳಿಯುತ್ತಿತ್ತು. ಕಾರ್ಯಕ್ರಮ ಮುಗಿದ ಮೇಲೆ ಅತ್ತಿಗೆಯ ಪಕ್ಕದಲ್ಲಿ ಸೆರಗು ಹೊದ್ದು, ಊಟಕ್ಕೆ ಬಂದ ನೆಂಟರವಳ ಹಾಗೆ ಪಂಕ್ತಿಯಲ್ಲಿ ಕೂರುತ್ತಿದ್ದೆ. ಒಮ್ಮೆ ಕೆಂಪು ಗಿಟಾರಿನ ಆ ಮಹಾಶಯ ಹಾಡಿನ ನಡುವೆ ಎರಡೂ ಕೈ ಎತ್ತಿ ಕೂದಲು ಬಾಚಿಕೊಂಡನಂತೆ. ಬೇಸ್ ಮಾತ್ರ ನಡೆದೇ ಇತ್ತು. ಒಬ್ಬರೂ ಕೇಳಲಿಲ್ಲ ಅಂದರೆ ನೋಡಿ! ಅಣ್ಣ ಅದನ್ನು ಹೇಳಿಕೊಂಡು ವಾರವೆಲ್ಲ ನಕ್ಕ. ನನಗೆ ನಗು ಬರಲಿಲ್ಲ.

ಗುಬ್ಬಿಯಲ್ಲಿ ಗಣೇಶನ ಕಾರ್ಯಕ್ರಮ. ನನ್ನೂರು, ನನ್ನ ಬೀದಿ. ಮುಂದಿನ ಸಾಲಿನಲ್ಲಿ ಅಮ್ಮ, ಅಕ್ಕಪಕ್ಕದ ಮನೆಯವರು. ಅಮ್ಮನಿಗೂ ವಿಷಯ ಗೊತ್ತಿರಲಿಲ್ಲ. ನಾನು ಬಟ್ಟೆಬರೆ ನೋಡಿಕೊಳ್ಳಲು ಹಿಂದೆ ಕೂತಿದ್ದೇನೆಂದು ಅಣ್ಣ ಹೇಳಿದ್ದ. ಹಾಡುಗಳ ನಡುವೆ ಅಣ್ಣ ಮೈಕಿನಲ್ಲಿ ಒಬ್ಬೊಬ್ಬರ ಹೆಸರನ್ನೂ ಹೇಳಿ ಪರಿಚಯ ಮಾಡಿಸಿದ. ಬೇಸ್ ಗಿಟಾರ್ ಎಂದು ಅತ್ತಿಗೆಯ ತಮ್ಮನ ಹೆಸರು ಹೇಳಿದಾಗ ಬಂದ ಚಪ್ಪಾಳೆಯಲ್ಲಿ ನನ್ನ ತಾಯಿಯ ಚಪ್ಪಾಳೆಯೂ ಇತ್ತು. ನನಗೆ ಎಲ್ಲಿತ್ತೋ ಸಿಟ್ಟು! ಮುಂದಿನ ಹಾಡಿನ ಅರ್ಧದಲ್ಲಿ ತಂತಿಯಿಂದ ಕೈ ತೆಗೆದುಬಿಟ್ಟೆ. ತಬಲಾದವರು ತಡವರಿಸಿದರು, ಹಾಡುವವಳು ಒಂದು ಸಾಲು ಮುಂಚೆ ಹೊರಟುಬಿಟ್ಟಳು. ಹಾಡು ಹೇಗೋ ಮುಗಿದ ಕೂಡಲೇ ಅಣ್ಣ ಅಕಾರ್ಡಿಯನ್ ಹೊತ್ತುಕೊಂಡೇ ಪರದೆಯ ಹಿಂದೆ ನುಗ್ಗಿದ.

"ಏನ್ ಬಂತೇ ನಿಂಗೆ? ಮಾನ ತೆಗೀತೀಯಾ ನಂದು?"

"ಒಂದ್ ಸಲ ನನ್ನನ್ನ ಮುಂದೆ ಕೂರ್ಸಿ ನನ್ ಹೆಸರು ಹೇಳು. ಒಂದೇ ಸಲ ಸಾಕು. ಇಲ್ಲಾಂದ್ರೆ ಮುಟ್ಟಲ್ಲ ನಾನು."

ಹೊರಗೆ ಜನ ಸಿಳ್ಳೆ ಹಾಕತೊಡಗಿದ್ದರು. ಅಣ್ಣ ಬೆವರೊರೆಸಿಕೊಂಡ. "ಆಯ್ತು ಕಣೇ. ತುಮಕೂರಿನ ರಾಜ್ಯೋತ್ಸವದ ಪ್ರೋಗ್ರಾಮಲ್ಲಿ ಕೂರಿಸ್ತೀನಿ. ದೇವ್ರಾಣೆ. ಈಗ ಬಾರ್ಸು ತಾಯಿ," ಅಂದ. ನಾನಿಲ್ಲದೆ ಅವನ ಆರ್ಕೆಸ್ಟ್ರಾ ನಡೆಯುವುದಿಲ್ಲ ಎಂಬ ಧೈರ್ಯ ನನಗೆ ಆಗ ಬಂತು. ನವೆಂಬರ್ ಕೊನೆಗೆ ನಮ್ಮ ಕಾರ್ಯಕ್ರಮ. ಯಾವ ಸೀರೆ ಉಡುವುದೆಂದೂ ಯೋಚಿಸಿಟ್ಟಿದ್ದೆ.

ಅಕ್ಟೋಬರಿನಲ್ಲಿ ಕುಣಿಗಲ್ ಕಡೆಯವರು ಹೆಣ್ಣು ನೋಡಲು ಗುಬ್ಬಿಯ ಮನೆಗೆ ಬಂದರು. ಗಂಡು ಹೈಸ್ಕೂಲ್ ಮೇಷ್ಟ್ರು; ಮನೆಯಲ್ಲಿ ಹೊಲ, ದನಕರು, ತುಂಬಿದ ಸಂಸಾರ. ಗಂಡಿನ ತಾಯಿಗೆ ಒಂದೇ ಅನುಮಾನ, ಕಾಲೇಜು ಓದಿದ ಹುಡುಗಿ ಮನೆಗೆಲಸ ಮಾಡುತ್ತಾಳೋ ಇಲ್ಲವೋ. ನನಗೆ ಕುಂಕುಮ ಇಟ್ಟವರು ಹಾಗೇ ನನ್ನ ಎಡಗೈ ಹಿಡಿದುಕೊಂಡು ಬೆರಳುಗಳನ್ನು ಒಂದೊಂದಾಗಿ ಸವರಿದರು. ದಪ್ಪ ತಂತಿ ಒತ್ತಿ ಒತ್ತಿ ಆ ನಾಲ್ಕು ಬೆರಳ ತುದಿಗಳೂ ಜಡ್ಡುಗಟ್ಟಿದ್ದವು.

"ನೋಡ್ರವ್ವ ಇಲ್ಲಿ, ಬೆರಳೆಲ್ಲಾ ಎಂಗೆ ಜಡ್ಡುಗಟ್ಟವೆ! ಗೇಯ್ದಿರೋ ಕೈ ಕಣಮ್ಮ ಇದು. ಪ್ಯಾಟೇಲಿ ಓದುದ್ರೂ ಕೆಲ್ಸ ಬುಟ್ಟಿಲ್ಲ ಮಗ. ನಂಗೆ ಒಪ್ಗೆ ಆಯ್ತು ಬುಡಿ."

ಅಮ್ಮನ ಮುಖ ಅರಳಿತು. "ಅಣ್ಣನ ಮನೇಲಿ ಪಾತ್ರೆ, ಬಟ್ಟೆ ಎಲ್ಲಾ ಇವ್ಳೇನೇ," ಅಂದಳು. ಪ್ಲಾಸ್ಟಿಕ್ ಬಿಲ್ಲೆಯಲ್ಲಿ ತಂತಿ ಮೀಟುತ್ತಿದ್ದ ಬಲಗೈ ಹಿಡಿದು ನೋಡಿದ್ದರೆ ಅಲ್ಲಿ ಅಂಥ ಗುರುತೇ ಇರಲಿಲ್ಲ. ಪಾತ್ರೆ ತಿಕ್ಕುವವರು ಎಡಗೈಯಲ್ಲಿ ತಿಕ್ಕುತ್ತಾರೆಯೇ? ಯಾರೂ ಅದನ್ನು ಯೋಚಿಸಲಿಲ್ಲ. ನಾನು ಅಣ್ಣನ ಕಡೆ ನೋಡಿದೆ. ಆ ಕೋಣೆಯಲ್ಲಿ ನಿಜ ಗೊತ್ತಿದ್ದವರು ಅವನು, ಅತ್ತಿಗೆ ಮತ್ತು ನಾನು. ಅತ್ತಿಗೆ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು. ಅಣ್ಣ ತಲೆ ಬಗ್ಗಿಸಿ ಉಪ್ಪಿಟ್ಟು ತಿಂದ. ಸರಿ, ಅವರು ಹೇಳಲಿಲ್ಲ. ನನ್ನ ಬಾಯಿಗೆ ಏನಾಗಿತ್ತು? ಅಮ್ಮನ ಮುಖದಲ್ಲಿದ್ದ ಆ ಸಂತೋಷವನ್ನು ನೋಡುತ್ತಾ ಸುಮ್ಮನೆ ಕೂತುಬಿಟ್ಟೆ, ಹೇಡಿಯ ಹಾಗೆ.

ಲಗ್ನ ನವೆಂಬರ್ ಮಧ್ಯಕ್ಕೆ ಗೊತ್ತಾಯಿತು. ರಾಜ್ಯೋತ್ಸವದ ಕಾರ್ಯಕ್ರಮದ ಮಾತು ಎತ್ತಿದಾಗ ಅಣ್ಣ, "ಇನ್ನೊಬ್ರ ಮನೆ ಸೊಸೆ ಆಗೋಳನ್ನ ನಾನ್ ಹೆಂಗೆ ಸ್ಟೇಜ್ ಹತ್ತಿಸ್ಲಿ? ನೀನೇ ಹೇಳು," ಅಂದ. ಅವನ ಕಣ್ಣಲ್ಲಿ ನೀರಿತ್ತು. ಅದನ್ನು ನೋಡಿ ನನಗೆ ಮರುಕ ಬರಲಿಲ್ಲ, ರೇಗಿತು.

ಕುಣಿಗಲ್ಲಿನ ಛತ್ರದಲ್ಲಿ ಸಂಜೆ ಆರತಕ್ಷತೆ. ತಂಗಿಯ ಮದುವೆಗೆ ಅಣ್ಣನದೇ ಆರ್ಕೆಸ್ಟ್ರಾ. ನಾನು ಹಾರ ಹಾಕಿಕೊಂಡು ಗಂಡನ ಪಕ್ಕದಲ್ಲಿ, ಎಲ್ಲರ ಎದುರಿಗೆ, ದೊಡ್ಡ ಕುರ್ಚಿಯಲ್ಲಿ ಕೂತಿದ್ದೆ. ಪರದೆಯ ಹಿಂದೆ ಯಾರೂ ಇರಲಿಲ್ಲ. ಅತ್ತಿಗೆಯ ತಮ್ಮ ಹೊಸ ಶರ್ಟು ಹಾಕಿಕೊಂಡು ಕೆಂಪು ಗಿಟಾರ್ ಹಿಡಿದು ನಿಂತಿದ್ದ, ಅವನ ಬೆರಳುಗಳು ಓಡುತ್ತಿದ್ದವು. ಮೊದಲ ಹಾಡು ಶುರುವಾದಾಗ ಈಗ ಎಡವುತ್ತಾರೆ, ಈಗ ಎಡವುತ್ತಾರೆ ಎಂದು ಕಾದೆ. ತಾಲೀಮು ಮಾಡಿಕೊಂಡು ಬಂದಿದ್ದರು ಅಂತ ಕಾಣುತ್ತದೆ, ಎಲ್ಲೂ ಎಡವಲಿಲ್ಲ. ಹಾಡು ಮುಗಿಯಿತು, ಜನ ಚಪ್ಪಾಳೆ ತಟ್ಟಿದರು. ಎರಡನೆಯದು, ಮೂರನೆಯದು. ರಾಗದ ಕೆಳಗೆ ಏನೂ ಇಲ್ಲ, ಬರಿದು. ಛತ್ರದ ತುಂಬಾ ಇದ್ದ ಜನರಲ್ಲಿ ಒಬ್ಬರಾದರೂ ತಲೆ ಎತ್ತಿ ಏನೋ ಕಮ್ಮಿಯಾಗಿದೆ ಅನ್ನಬಾರದೇ ಎಂದು ಒಂದೊಂದು ಮುಖವನ್ನೂ ನೋಡಿದೆ. ಎಲ್ಲರೂ ತಲೆದೂಗುತ್ತಿದ್ದರು.

ನನ್ನ ಗಂಡ ಅಲ್ಲಿಯವರೆಗೆ ನನ್ನೊಂದಿಗೆ ಮಾತಾಡಿರಲಿಲ್ಲ, ನಾನೂ ಆಡಿರಲಿಲ್ಲ. ಅವರು ಹಾರ ಸರಿಸಿಕೊಂಡು ನನ್ನ ಕಡೆ ಬಾಗಿದರು.

"ನಿಮ್ಮಣ್ಣನ ಪಾರ್ಟೀಲಿ ಆ ಕೆಂಪು ಗಿಟಾರ್‌ನವ್ರು ಎಷ್ಟ್ ಚೆನ್ನಾಗಿ ಬಾರಿಸ್ತಾರೆ, ಅಲ್ವಾ?"

"ಹೂಂ, ಚೆನ್ನಾಗಿ ಬಾರಿಸ್ತಾರೆ," ಅಂದೆ. ನನ್ನ ಗಂಡನೊಂದಿಗೆ ನಾನು ಆಡಿದ ಮೊದಲ ಮಾತು ಅದು.